ಅರೆಮಂಡಿಯಲ್ಲಿ ನಿಂತ ಡ್ರಾಯಿಂಗ್ ಮೇಷ್ಟ್ರು

ಇಲ್ಲ... ನಂಬಲಾಗುತ್ತಿಲ್ಲ.
ಬೆಳಿಗ್ಗೆ ಭದ್ರಾವತಿಯಿಂದ ಫೋನ್ ಬಂತು.
ಕಟ್ ಮಾಡಿ, ಮತ್ತೆ ನಾನೇ ಮಾಡಿ ಕೇಳಿದೆ.
"ಹೌದು ಮೇಡಂ... ಹಾರ್ಟ್ ಅಟ್ಯಾಕ್. ಆಸ್ಪತ್ರೆಗೆ ಕರ್ಕೊಂಡು ಹೋಗೋಷ್ಟರಲ್ಲೇ..."

ಲೋಕೇಶಪ್ಪ ಸರ್ ಇನ್ನಿಲ್ಲ.

ಭದ್ರಾವತಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು.
ನನಗೆ ಅವರು ಬೇರೆಯೇ ರೀತಿ ಗೊತ್ತು...
ಗೋಪಾಳ ಬಡಾವಣೆಯ ನನ್ನ ಭರತನಾಟ್ಯ ಕ್ಲಾಸಿನ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ.

ಮೊದಲ ದಿನ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.
ಮೊಮ್ಮಗಳನ್ನು ಸೇರಿಸಲು ಬಂದಿದ್ದಾರೆ ಅಂದುಕೊಂಡೆ.
"ನನಗೇ ಮೇಡಂ," ಅಂದರು. "ನಾನು ಬರೆಯೋ ಮನುಷ್ಯರು ಯಾರೂ ನೆಲದ ಮೇಲೆ ನಿಲ್ತಾ ಇಲ್ಲ. ತೇಲ್ತಾರೆ. ಮೈಭಾರ ಎಲ್ಲಿ ಇಳಿಯುತ್ತೆ ಅಂತ ನನ್ನ ಕಾಲಿಗೇ ಗೊತ್ತಾಗ್ಬೇಕು."

ಪುಟ್ಟ ಹುಡುಗಿಯರ ಹಿಂದೆ, ಕೊನೆಯ ಸಾಲಿನಲ್ಲಿ, ಮೊಣಕಾಲು ಮಡಿಸಿ ಅರೆಮಂಡಿಯಲ್ಲಿ ನಡುಗುತ್ತಾ ನಿಂತರು.
ಮಕ್ಕಳನ್ನು ಬಿಡಲು ಬಂದ ತಾಯಂದಿರು ಮುಖ ಮುಖ ನೋಡಿಕೊಂಡು ನಕ್ಕರು.
ಅವರೂ ನಕ್ಕರು... ಬರುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ವರ್ಷ ಅವರು ಬರೆದ ಗಾಂಧಿ ಬಜಾರಿನ ಹೂವಿನವಳು ನಿಜವಾಗಿಯೂ ನಿಂತಿದ್ದಳು.
ಬುಟ್ಟಿಯ ಭಾರ ಹಿಮ್ಮಡಿಯವರೆಗೂ ಕಾಣುತ್ತಿತ್ತು.
ಆಮೇಲೆ "ಗೆರೆಗೆ ಲಯ ಇಲ್ಲ" ಅಂತ ಹೊಸಮನೆ ಬಡಾವಣೆಗೆ ಹೋಗಿ ಮೃದಂಗ ಕಲಿತರು.
"ಚಿತ್ರದಲ್ಲಿ ಬೆನ್ನಿನ ಕಡೆ ಕಾಣ್ತಿಲ್ಲ" ಅಂತ ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಲು ಹಿಡಿದರು.
"ಒಂದನ್ನಾದ್ರೂ ನೆಟ್ಟಗೆ ಕಲೀರಿ ಮಾರಾಯ್ರೇ" ಎಂದು ಗೆಳೆಯರು ರೇಗಿಸಿದರೆ,
"ಒಂದನ್ನೇ ಕಲೀತಿರೋದು. ಅದು ಮುಗೀತಾ ಇಲ್ಲ, ಅಷ್ಟೇ" ಅನ್ನುತ್ತಿದ್ದರು.

ಸರ್...
ನಿಮ್ಮ ಅಪ್ಪ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದವರು. ಅವರ ಬಗ್ಗೆ ಒಂದು ನೃತ್ಯ ಮಾಡೋಣ ಅಂತ ನೀವೇ ಹೊರಟಿರಿ. ಸ್ಟೇಜಿನ ಹಿಂದಿನ ಪರದೆ ಬರೆದಿರಿ, ಮೃದಂಗಕ್ಕೆ ಜತಿ ಕಟ್ಟಿದಿರಿ...
ಕುಣಿಯುವುದು ನಾನು ಅಂತ ಮಾತಾಗಿತ್ತು.

ಕಳೆದ ಭಾನುವಾರ ಪ್ರಾಕ್ಟೀಸಿನಲ್ಲಿ ಕುಲುಮೆಗೆ ಇದ್ದಿಲು ಹಾಕಲು ಸಲಿಕೆ ಎತ್ತುವ ಭಂಗಿ ನನಗೆ ಬರಲೇ ಇಲ್ಲ. ನೀವು ಎದ್ದು ಬಂದಿರಿ.
"ಹೀಗಲ್ಲ ಮೇಡಂ, ಅಪ್ಪ ಬಿಸಿಗೆ ಮೊದ್ಲು ಮುಖ ತಿರುಗಿಸ್ತಿದ್ರು..."
ಆಮೇಲೆ ನೀವು ನಿಲ್ಲಲೇ ಇಲ್ಲ. ಇಡೀ ನೃತ್ಯ ಕುಣಿದುಬಿಟ್ಟಿರಿ.
ನಾನು ತಾಳ ಹಾಕುವುದನ್ನೂ ಮರೆತು ನೋಡುತ್ತಿದ್ದೆ.
ಇಷ್ಟು ವರ್ಷ ಕಲಿತದ್ದೆಲ್ಲ ಅವತ್ತು ಒಟ್ಟಿಗೆ ಮೈಗೆ ಬಂದಿತ್ತು.

"ಸ್ಟೇಜ್ ಮೇಲೂ ನೀವೇ ಮಾಡ್ಬೇಕು ಸರ್."
"ಮಾಡ್ಲಾ? ಜನ ನಗಲ್ವಾ?"
"ನಗ್ಲಿ ಬಿಡಿ."
ಎಷ್ಟು ಖುಷಿಯಾಗಿತ್ತು ನಿಮಗೆ...

ಮುಂದಿನ ತಿಂಗಳಿಗೆ ಹಾಲ್ ಬುಕ್ ಆಗಿತ್ತು ಸರ್.
ಒಂದು ವಿಡಿಯೋ ಕೂಡ ಮಾಡಿಕೊಳ್ಳಲಿಲ್ಲ... ಸ್ಟೇಜ್ ಮೇಲೆ ಹೇಗೂ ಆಗುತ್ತಲ್ಲ ಅಂತ.

ಇವತ್ತು ನಿಮ್ಮ ಮನೆಗೆ ಹೋದಾಗ ನಿಮ್ಮ ಶ್ರೀಮತಿ ಗಿರಿಜಮ್ಮನವರು ನನ್ನ ಕೈ ಬಿಡಲೇ ಇಲ್ಲ.
"ನಂಗೆ ಒಂದು ಸಲಾನೂ ತೋರಿಸ್ಲಿಲ್ಲಮ್ಮ. ಸ್ಟೇಜ್ ಮೇಲೇ ನೋಡು ಅಂತಿದ್ರು. ಹೆಂಗೆ ಕುಣೀತಿದ್ರು?"
ತೋರಿಸೋಣ ಅಂತ ಎದ್ದೆ.
ಕೈ ಮೇಲಕ್ಕೆ ಹೋಯಿತು... ಅಲ್ಲೇ ನಿಂತಿತು. ಆಗಲಿಲ್ಲ ಸರ್.
"ತುಂಬಾ ಚೆನ್ನಾಗಿ ಕುಣೀತಿದ್ರು ಅಮ್ಮ" ಅಂದೆ.


ಹೋಗಿ ಬನ್ನಿ ಸರ್...
ನಿಮ್ಮ ಜೀವಕ್ಕೆ ತಂಪಾದ ನೆಮ್ಮದಿ ಸಿಗಲಿ. 🙏