ಕಂಪೈಲರ್ ಒಪ್ಪದ ಸಾಲು

ನಾಗಸಂದ್ರದ ಸಣ್ಣ ಕಂಪನಿಯೊಂದರಲ್ಲಿ ಲಿಫ್ಟ್‌ಗಳ ಕಂಟ್ರೋಲ್ ಬೋರ್ಡಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ನಲವತ್ತೇಳನೇ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯುವ ಹೊಸ ಭಾಷೆಯೊಂದನ್ನು ಕಲಿಯುತ್ತೇನೆ ಅಂದಾಗ ನನಗಿಂತ ಹದಿನೈದು ವರ್ಷ ಚಿಕ್ಕವನಾದ ಟೀಮ್ ಲೀಡ್ ನಕ್ಕ.

"ಅದೆಲ್ಲ ಪಿಎಚ್‌ಡಿ ಮಾಡಿರೋರಿಗೆ ಮೇಡಂ. ನೀವು ಟೆಸ್ಟಿಂಗ್ ನೋಡ್ಕೊಳ್ಳಿ, ಸಾಕು."

ಅವತ್ತೇ ಶುರು ಮಾಡಿದೆ.

ಆ ಭಾಷೆಯಲ್ಲಿ ಪ್ರೋಗ್ರಾಂ ಬರೆದರಷ್ಟೇ ಸಾಲದು. ಅದು ಎಲ್ಲೂ ದಾರಿ ತಪ್ಪುವುದಿಲ್ಲವೆಂದು ಗಣಿತದ ಲೆಕ್ಕದ ಹಾಗೆ ಸಾಬೀತು ಮಾಡಿ ತೋರಿಸಬೇಕು. ತೋರಿಸದಿದ್ದರೆ, ಬರೆದದ್ದನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುಂದಕ್ಕೆ ಬಿಡುವುದಿಲ್ಲ. ಅಭ್ಯಾಸಕ್ಕೆಂದು ಹತ್ತು ವರ್ಷದ ಹಿಂದೆ ನಾನೇ ಬರೆದಿದ್ದ, ಈಗಲೂ ನಮ್ಮ ಲಿಫ್ಟ್‌ಗಳಲ್ಲಿ ಓಡುತ್ತಿದ್ದ ಹಳೆಯ ಕೋಡನ್ನೇ ಎತ್ತಿಕೊಂಡೆ. ಜನ ಒತ್ತಿದ ಮಹಡಿಗಳ ಪಟ್ಟಿಯಿಂದ ಮುಂದಿನ ಮಹಡಿ ಯಾವುದೆಂದು ಆರಿಸುವ ಭಾಗ ಅದು. ಅದರಲ್ಲಿ ಒಂದು ಸಾಲನ್ನು ಕಂಪೈಲರ್ ಒಪ್ಪಲೇ ಇಲ್ಲ. ಹನ್ನೊಂದು ದಿನ ಬೆಳಗ್ಗೆ ಎದ್ದು, ಕೋಗಿಲಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಅದೇ ಸಾಲಿನೊಂದಿಗೆ ಗುದ್ದಾಡಿದೆ.

"ಇಂಗೇ ಎಷ್ಟ್ ದಿನ ಅದ್ರ ಜೊತೆ ಜಗಳ ಆಡ್ತೀಯಮ್ಮ?" ಅಂದರು ಅತ್ತೆ, ಸೊಪ್ಪು ಬಿಡಿಸುತ್ತ.

"ಅದು ಒಪ್ಪೋವರೆಗೂ, ಅತ್ತೆ."

ಹನ್ನೆರಡನೇ ದಿನ ಹೊಳೆಯಿತು. ಪಟ್ಟಿ ಖಾಲಿ ಇದ್ದಾಗ ಏನು ಮಾಡಬೇಕೆಂದು ನಾನು ಬರೆದೇ ಇರಲಿಲ್ಲ. ಸಾಬೀತು ಮಾಡಲಾಗದೇ ಹೋದದ್ದು ನನ್ನ ಬುದ್ಧಿ ಸಾಲದೆ ಅಲ್ಲ, ನನ್ನ ಕೋಡೇ ತಪ್ಪಾಗಿದ್ದರಿಂದ. ಎಲ್ಲೋ ಒಂದು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತೆಂದು ಅಪರೂಪಕ್ಕೊಮ್ಮೆ ಬರುತ್ತಿದ್ದ ದೂರುಗಳು ನೆನಪಾದವು. ಕರೆಂಟಿನ ತೊಂದರೆ ಎಂದು ಕೈತೊಳೆದುಕೊಂಡಿದ್ದೆವು.

ಲೀಡ್‌ಗೆ ತೋರಿಸಿದೆ. ಅವನು ನಗಲಿಲ್ಲ. ಧ್ವನಿ ತಗ್ಗಿಸಿ, "ಯಾರಿಗೂ ಏನೂ ಆಗಿಲ್ವಲ್ಲ ಮೇಡಂ, ಈಗ್ಯಾಕೆ ಕೆದಕ್ತೀರಾ? ಬರೆದಿದ್ದು ನೀವೇ. ಹೆಸರು ಕೆಡೋದು ನಿಮ್ದೇ" ಅಂದ.

"ಕೆಡ್ಲಿ ಬಿಡಿ. ತಪ್ಪು ನಂದು, ಹೇಳೋದೂ ನಾನೇ."

ಸೋಮವಾರದ ಮೀಟಿಂಗಿನಲ್ಲಿ ಮಾಲೀಕರ ಮುಂದೆ ಎದ್ದು ನಿಂತು ಹೇಳಿದೆ. ಅವರು ಹೊರಗೆ ಹೋಗಿರುವ ಎಲ್ಲ ಬೋರ್ಡುಗಳಿಗೂ ಹೊಸ ಪ್ರೋಗ್ರಾಂ ಹಾಕಿಸಲು ಒಪ್ಪಿದರು. ಮೆಚ್ಚುಗೆಯ ಒಂದು ಮಾತೂ ಬರಲಿಲ್ಲ. ಆ ವರ್ಷ ಬಡ್ತಿಯೂ ಬರಲಿಲ್ಲ. ಟೆಸ್ಟಿಂಗಿಗೆ ಹೋಗಿ ಅಂತ ಮಾತ್ರ ಮತ್ತೆ ಯಾರೂ ಅನ್ನಲಿಲ್ಲ.

ಈಗ ಬಾಗಿಲು ಮುಚ್ಚುವ ಭಾಗವನ್ನು ಅದೇ ಭಾಷೆಯಲ್ಲಿ ಸಾಬೀತು ಮಾಡಿ ನೋಡಲು ಕೈಗೆತ್ತಿಕೊಂಡಿದ್ದೇನೆ. ಅದನ್ನು ಬರೆದಿದ್ದು ಲೀಡ್. ಯಾರ ಅಪ್ಪಣೆಯನ್ನೂ ಕೇಳಲು ಹೋಗಲಿಲ್ಲ.