ರಾಧಾಮಣಿಯ ಒಂದು ಚಮಚ ನೀರು
ಲಕ್ವ ಹೊಡೆದವರ ವಾರ್ಡಿಗೆ ರಾಧಾಮಣಿ ಬರುವುದು ಒಂದು ಲೋಟ ನೀರು, ಒಂದು ಚಮಚ ಹಿಡಿದು. ಗಂಟಲು ಸರಿಯಾಗಿ ನುಂಗುತ್ತದೆಯೇ ಎಂದು ನೋಡುವುದು ಅವಳ ಕೆಲಸ. ನೀರು ಉಸಿರಿನ ದಾರಿ ಹಿಡಿದರೆ ಎದೆ ಕಟ್ಟುತ್ತದೆ. ಅದಕ್ಕೇ ಅವಳು ಹೂಂ ಅನ್ನುವವರೆಗೆ ಎಲ್ಲರಿಗೂ ಊಟಕ್ಕೆ, ನೀರಿಗೆ ಮೂಗಿನ ಪೈಪೇ ಗತಿ. "ನೆಟ್ಟಗೆ ಕೂತ್ಕೊಳ್ಳಿ, ನುಂಗಿ, ಈಗ ಆ ಅನ್ನಿ" ಎಂದು ದಿನಕ್ಕೆ ನೂರು ಸಲವಾದರೂ ಹೇಳುತ್ತಾಳೆ, ನಿದ್ದೆಯಲ್ಲೂ ಹೇಳುತ್ತಾಳೇನೋ. ನಮ್ಮ ತಣಿಸಂದ್ರದ ಹಳೇ ಕಾಲದ ಗಂಡಸರೆಂದರೆ ಅವಳಿಗೆ ತಲೆನೋವು. ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದವರಿಗೆ ನುಂಗುವ ಪರೀಕ್ಷೆಯೆಂದರೆ ಅವಮಾನ. "ಎಂಬತ್ ವರ್ಸದಿಂದ ನುಂಗ್ತಾವ್ನಿ, ನೀನ್ ಯೋಳ್ಕೊಡ್ತೀಯೇನಮ್ಮಾ?" ಎಂದು ತೊದಲಿದರು ಅದೇ ವಾರ್ಡಿನಲ್ಲಿ ಮಲಗಿದ್ದ ನಮ್ಮ ಯಜಮಾನರು. "ನೀವ್ ಮರ್ತಿಲ್ಲ ತಾತಾ, ನಿಮ್ ಗಂಟಲು ಮರ್ತಿದೆ" ಎಂದು ಅವಳು ಆಕಳಿಸಿದಳು. ಮೂರು ದಿನದಿಂದ ನಾಲಿಗೆಗೆ ಹನಿ ತಾಗದ ಅವರು ಚಮಚದ ನೀರನ್ನು ಕೆಮ್ಮದೆ ನುಂಗಿ, ಗೆದ್ದವರಂತೆ ನನ್ನತ್ತ ನೋಡಿದರು. ಅವರ ಗಂಟಲಿನ ಜೊತೆಗೇ ಅವಳ ಗಂಟಲೂ ಏರಿ ಇಳಿದದ್ದನ್ನು ನಾನು ಆಗ ಕಂಡೆ. ಆಮೇಲೆ ಗಮನಿಸಿದರೆ ಪ್ರತಿ ಹಾಸಿಗೆಯ ಹತ್ತಿರವೂ ಅವಳು ಹೀಗೇ ಬರಿಗಂಟಲಲ್ಲಿ ನುಂಗುತ್ತಾಳೆ. ಅದು ಅವಳಿಗೇ ಗೊತ್ತಿಲ್ಲ. "ಈಗ ಆ ಅನ್ನಿ ತಾತಾ." ಅವರ ದನಿಯಲ್ಲಿ ಗುಳುಗುಳು ಸದ್ದಿತ್ತು, ನೀರು ಇಳಿಯದೆ ಗಂಟಲಲ್ಲೇ ನಿಂತಿತ್ತು, ಪೈಪು ತೆಗೆಯುವಂತಿರಲಿಲ್ಲ. ಅವಳು ಮೆಲ್ಲಗೆ ನನ್ನನ್ನು ಕೇಳಿದಳು, "ನಿಮ್ಗೂ ಕೇಳಿಸ್ತಲ್ವಾ ಅಜ್ಜೀ?" ಇಲ್ಲವೆನ್ನಲು ಬಾಯಿ ತೆರೆದೆ. "ಕೇಳಿಸ್ತು ಕಣಮ್ಮಾ" ಎಂದೆ. ಯಜಮಾನರು ಮುಖ ತಿರುಗಿಸಿಕೊಂಡರು.