ಪಾತ್ರೆ ಅಲುಗಿದಾಗ

ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳ ನಡುವೆ. ಅಲ್ಲಿ ಹಲಗೆಯ ಮೇಲಿನ ಪಾತ್ರೆಗಳು ತಾವಾಗಿ ಅಲುಗಿದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಕೆಳಗೆ ಗಣಿಯಲ್ಲಿ ಬಂಡೆ ಸಿಡಿದು ಕುಸಿದಿದೆ ಎಂದೇ ಅರ್ಥ. ಹೆಂಗಸರು ಒಲೆ ಆರಿಸಿ ಗಣಿಗೆ ಇಳಿಯುವ ಶಾಫ್ಟಿನ ಬಳಿಗೆ ಓಡುತ್ತಿದ್ದರು. ಗಂಡಸರನ್ನು ಹೊತ್ತ ಕೇಜು ಮೇಲೆ ಬಂದಾಗಲೆಲ್ಲ ಮುಖಗಳನ್ನು ಹುಡುಕುತ್ತಿದ್ದರು. ತನ್ನವನು ಬಂದರೂ ಯಾರೂ ನಗುತ್ತಿರಲಿಲ್ಲ. ಪಕ್ಕದವಳು ಇನ್ನೂ ನಿಂತಿರುತ್ತಿದ್ದಳು. ಅಮ್ಮ ಹಾಗೆ ಎಷ್ಟೋ ಸಲ ಓಡಿದ್ದಳು. ಅಪ್ಪ ಪ್ರತಿ ಸಲವೂ ಬಂದಿದ್ದರು.

ಗಣಿ ಮುಚ್ಚಿದ ಮೇಲೆ ಊರು ಒಂದೇ ಸಲ ಖಾಲಿಯಾಗಲಿಲ್ಲ. ಮೊದಲು ಮನುಷ್ಯರು ಹೋದರು, ಆಮೇಲೆ ಬಾಗಿಲುಗಳು, ಆಮೇಲೆ ಚಾವಣಿಯ ತಗಡು. ನಾನು ಅಪ್ಪ ಅಮ್ಮನನ್ನು ನಗರಕ್ಕೆ ಕರೆತರಲು ಹೋದ ದಿನ ನಮ್ಮ ಲೈನಿನಲ್ಲಿ ಬಟ್ಟೆ ಒಣಗುತ್ತಿದ್ದುದು ನಮ್ಮ ಮನೆಯ ಮುಂದೆ ಮಾತ್ರ. ಗಣಿಯ ಮಣ್ಣಿನ ದಿಬ್ಬಗಳಿಂದ ಎದ್ದ ಧೂಳು ಆ ಬಟ್ಟೆಯ ಮೇಲೆ ಕೂರುತ್ತಿತ್ತು.

ಜೋಗುಪಾಳ್ಯದ ನನ್ನ ಬಾಡಿಗೆ ಮನೆಗೆ ಬಂದಾಗಲೇ ಅಪ್ಪನ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಶಿವಾಜಿನಗರದ ಡಾಕ್ಟರು ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು. ಅಪ್ಪ ಅಮ್ಮನನ್ನು ಕೇಳಿದ್ದು ಒಂದನ್ನೇ.

"ಹೋಗೋವಾಗ ನೀನು ಹತ್ರ ಇರ್ಬೇಕು ಕಣೇ."

"ಈ ಗೂಡಲ್ಲಿ ದೂರ ಹೋಗೋಕೆ ಜಾಗ ಎಲ್ಲಿದೆ?"

ನಗಲು ಹೋಗಿ ಅಪ್ಪನಿಗೆ ಕೆಮ್ಮು ಬಂತು. ಅಂದಿನಿಂದ ಅಮ್ಮ ತರಕಾರಿ ತರಲೂ ಹೊರಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಹಿಂದಿನ ಬೀದಿಯಲ್ಲಿ ಮನೆಯ ಪಾಯಕ್ಕೆಂದು ಬಂಡೆ ಸಿಡಿಸಿದರು. ನೆಲ ನಡುಗಿತು, ಪಾತ್ರೆಗಳು ಅಲುಗಿದವು. ಅಮ್ಮ ಸ್ಟೌ ಆರಿಸಿ, ಅಪ್ಪ ಮಲಗಿದ್ದ ಮಂಚದ ಪಕ್ಕದಿಂದಲೇ ಹಾದು, ಬರಿಗಾಲಲ್ಲಿ ಓಡಿದಳು.

ಹೊರಗೆ ಹೂವಿನವಳ ದನಿ ಕೇಳಿಸಿತು. "ಎಲ್ಲಿಗಮ್ಮಾ ಈ ಓಟ? ಬಸ್ಸು ತಪ್ಪೋಯ್ತಾ?"

ಕರೆತರಲು ನಾನು ಎದ್ದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. ಅವರ ತುಟಿ ನೀಲಿಗಟ್ಟಿತ್ತು.

"ಕರೀಬೇಡ. ನಿಮ್ಮಮ್ಮ ಶಾಫ್ಟ್ ಹತ್ರ ನಿಂತಿರ್ತಾಳೆ. ನಾನು ಬರ್ತಿದೀನಲ್ಲ."

ಆಮೇಲಿನ ಉಸಿರು ಚಿಕ್ಕದಾಗಿತ್ತು. ಮುಂದಿನದಕ್ಕೆ ಕಾದೆ. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು.

ಹೂವಿನವಳು ಅಮ್ಮನ ತೋಳು ಹಿಡಿದು ಕರೆತಂದಳು. ಅಮ್ಮ ಹಲಸೂರು ಕೆರೆಯ ದಾರಿಯಲ್ಲಿ ನಿಂತು ಎದುರು ಬರುವ ಗಂಡಸರ ಮುಖಗಳನ್ನೇ ನೋಡುತ್ತಿದ್ದಳಂತೆ. ಅಮ್ಮ ಹೊಸಿಲು ದಾಟಲಿಲ್ಲ.

"ಎಲ್ರೂ ಬಂದ್ರು," ಎಂದಳು. "ಅವ್ರೊಬ್ರು ಬಂದಿಲ್ಲ."

ಮಂಚ ಕಾಣುವಂತೆ ನಾನು ಪಕ್ಕಕ್ಕೆ ಸರಿದು ನಿಂತೆ.